ಬೇಸಿಗೆಯಲ್ಲೂ ತುಂಬಿ ಹರಿವ ಕಾಳಿ: ಮಕ್ಕಳಿಗೆ ಆಟ, ಪಾಠ, ಎಚ್ಚರ

ಮೇ ತಿಂಗಳ ಮಧ್ಯಾಹ್ನ ಉತ್ತರ ಕರ್ನಾಟಕದ ಹೊಳೆಗಳನ್ನು ನೋಡಿದವರಿಗೆ ನೀರಿಗಿಂತ ಹೆಚ್ಚಾಗಿ ಕಾಣುವುದು ಮರಳು, ಕಲ್ಲು. ಎಷ್ಟೋ ಕಡೆ ಹೊಳೆಯ ಪಾತ್ರವೇ ಕಾಲುದಾರಿಯಾಗಿರುತ್ತದೆ. ಅದೇ ಹೊತ್ತಿಗೆ ಜೋಯಿಡಾ ತಾಲ್ಲೂಕಿನ ಗಣೇಶಗುಡಿಯಲ್ಲಿ ಕಾಳಿ ನದಿ ಬಂಡೆಗಳಿಗೆ ಅಪ್ಪಳಿಸುತ್ತಾ, ನೊರೆ ಎಬ್ಬಿಸುತ್ತಾ ಹರಿಯುತ್ತಿರುತ್ತದೆ. ತಲೆಗೆ ಹೆಲ್ಮೆಟ್, ಎದೆಗೆ ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟ ಹುಬ್ಬಳ್ಳಿ, ಬೆಳಗಾವಿ, ಬೆಂಗಳೂರಿನ ಜನ ರಬ್ಬರ್ ತೆಪ್ಪದಲ್ಲಿ ಕೂತು ಕಿರುಚುತ್ತಾ ಸಾಗುತ್ತಾರೆ. ದಡದಲ್ಲಿ ನಿಂತ ಮಕ್ಕಳಿಗೆ ತಾವೂ ಆ ನೀರಿಗೆ ಇಳಿಯಬೇಕೆಂಬ ಆಸೆ. ಏಪ್ರಿಲ್ ಎರಡನೇ ವಾರ ಶಾಲೆಗೆ ರಜೆ ಬಿಟ್ಟಾಗಿನಿಂದ ಮೇ ಕೊನೆಯವರೆಗೆ ದಾಂಡೇಲಿ, ಅಂಬಿಕಾನಗರ, ಗಣೇಶಗುಡಿಗಳ ಸುತ್ತ ಇದೇ ನೋಟ.

ಸುಡುಬಿಸಿಲಿನಲ್ಲಿ ಈ ಹೊಳೆಗೆ ಇಷ್ಟು ನೀರು ಎಲ್ಲಿಂದ ಬಂತು? ಈ ಪ್ರಶ್ನೆಯನ್ನು ಹತ್ತು ವರ್ಷದ ಮಗುವೊಂದು ಕೇಳಿದರೆ ಅದಕ್ಕಿಂತ ಒಳ್ಳೆಯ ಬೇಸಿಗೆ ಪಾಠ ಬೇರೆ ಬೇಕಿಲ್ಲ. ಆ ನೀರು ಮೇ ತಿಂಗಳಿನದಲ್ಲ. ಹಿಂದಿನ ಜುಲೈ, ಆಗಸ್ಟಿನಲ್ಲಿ ಪಶ್ಚಿಮ ಘಟ್ಟದ ಮೇಲೆ ಸುರಿದ ಮಳೆ ಅದು. ತಿಂಗಳುಗಟ್ಟಲೆ ಗೋಡೆಯ ಹಿಂದೆ ಕಾದು ಕುಳಿತು, ಎಲ್ಲೋ ಯಾರದೋ ಮನೆಯ ಫ್ಯಾನು ತಿರುಗಲೆಂದು ಈಗ ಹೊರಗೆ ಬರುತ್ತಿದೆ.

ಕಾಳಿ ಹುಟ್ಟುವುದು ಜೋಯಿಡಾ ತಾಲ್ಲೂಕಿನ ಡಿಗ್ಗಿ ಎಂಬ ಹಳ್ಳಿಯ ಬಳಿ. ಸುಮಾರು 184 ಕಿಲೋಮೀಟರ್ ಹರಿದು ಕಾರವಾರದ ಸದಾಶಿವಗಡದ ಪಕ್ಕದಲ್ಲಿ ಅರಬ್ಬೀ ಸಮುದ್ರ ಸೇರುತ್ತದೆ. ಹುಟ್ಟಿದ ಜಿಲ್ಲೆಯಲ್ಲೇ ಸಮುದ್ರ ಸೇರುವ ಈ ಹೊಳೆಯ ಬೆನ್ನಿನ ಮೇಲೆ ಇರುವಷ್ಟು ಭಾರ ನಾಡಿನ ಕೆಲವೇ ನದಿಗಳ ಮೇಲಿದೆ. ಗಣೇಶಗುಡಿಯಲ್ಲಿ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು. ಅದರ ಕೆಳಗೆ ದಾಂಡೇಲಿಯ ಕಾಗದ ಕಾರ್ಖಾನೆ. ಮುಂದೆ ಬೊಮ್ಮನಹಳ್ಳಿ ಜಲಾಶಯ. ಅಲ್ಲಿಂದ ಸುರಂಗದ ಮೂಲಕ ನಾಗಝರಿ ವಿದ್ಯುದಾಗಾರ. ಆ ನಂತರ ಕೊಡಸಳ್ಳಿ, ಕದ್ರಾ, ನಡುವೆ ಕೈಗಾ ಅಣುಸ್ಥಾವರ. ಕರ್ನಾಟಕ ವಿದ್ಯುತ್ ನಿಗಮದ ನೌಕರರಿಗಾಗಿ ಕಾಡಿನ ನಡುವೆ ಎದ್ದ ಊರೇ ಅಂಬಿಕಾನಗರ. ಹಳೆಯ ಸೂಪಾ ಪಟ್ಟಣ ಜಲಾಶಯದ ತಳ ಸೇರಿತು. ತಾಲ್ಲೂಕಿನ ಹೆಸರು ಜೋಯಿಡಾ ಎಂದಾಯಿತು. ಊರು ಕಳೆದುಕೊಂಡವರಲ್ಲಿ ಅನೇಕರು ರಾಮನಗರದಲ್ಲಿ ನೆಲೆಸಿದರು. ಹಿನ್ನೀರಿನಲ್ಲಿ ದೋಣಿ ವಿಹಾರ ಮಾಡುವ ಮಕ್ಕಳಿಗೆ ಕೆಳಗೊಂದು ಊರಿತ್ತು ಎಂಬುದನ್ನು ಯಾರಾದರೂ ಹೇಳಿದರೆ ಒಳ್ಳೆಯದು.

ಹೊಳೆಗೊಂದು ನಲ್ಲಿ

ಸೂಪಾ ಅಣೆಕಟ್ಟಿನ ಬುಡದಲ್ಲಿ ತಲಾ 50 ಮೆಗಾವಾಟ್‌ನ ಎರಡು ಯಂತ್ರಗಳಿವೆ. ಜಲಾಶಯದ ನೀರು ಈ ಯಂತ್ರಗಳನ್ನು ತಿರುಗಿಸಿ ಹೊಳೆಗೆ ಬೀಳುತ್ತದೆ. ಯಂತ್ರ ಓಡಿದರೆ ಕೆಳಗಿನ ಹೊಳೆ ಏರುತ್ತದೆ, ನಿಂತರೆ ಇಳಿಯುತ್ತದೆ. ಕಲ್ಲಿದ್ದಲು ಸುಡುವ ಸ್ಥಾವರವನ್ನು ತಣ್ಣಗಿದ್ದಾಗಿನಿಂದ ಬಿಸಿ ಮಾಡಿ ಓಡಿಸಲು ಗಂಟೆಗಟ್ಟಲೆ ಬೇಕು. ಜಲವಿದ್ಯುತ್ ಯಂತ್ರಕ್ಕೆ ಕೆಲವೇ ನಿಮಿಷ ಸಾಕು. ಆದ್ದರಿಂದಲೇ ವಿದ್ಯುತ್ತಿಗೆ ಬೇಡಿಕೆ ಒಮ್ಮೆಲೇ ಏರುವ ಹೊತ್ತಿನಲ್ಲಿ, ಅಂದರೆ ಬೆಳಿಗ್ಗೆ ಪಂಪು, ಗೀಸರುಗಳು ಓಡುವಾಗ ಮತ್ತು ಸಂಜೆ ದೀಪ ಹತ್ತುವಾಗ, ಇಂತಹ ಯಂತ್ರಗಳ ಮೊರೆ ಹೋಗುತ್ತಾರೆ. ಹೀಗಾಗಿ ಅಣೆಕಟ್ಟಿನ ಕೆಳಗಿನ ಹೊಳೆಗೆ ಋತುಮಾನವೂ ಬೇರೆ, ದಿನಚರಿಯೂ ಬೇರೆ. ಆಕಾಶ ನೋಡಿ ನೀರಿನ ಅಂದಾಜು ಮಾಡುವ ನಮ್ಮ ಹಳ್ಳಿಗಳ ತಿಳಿವಳಿಕೆ ಇಲ್ಲಿ ಕೆಲಸಕ್ಕೆ ಬಾರದು. ಒಂದು ಹನಿ ಮಳೆ ಇಲ್ಲದೆಯೂ, ತಿಳಿನೀಲಿ ಆಕಾಶದ ಕೆಳಗೇ, ಮೊಣಕಾಲುದ್ದದ ನೀರು ಸೊಂಟ ಮುಟ್ಟಬಹುದು.

ಇದನ್ನು ಮಕ್ಕಳಿಗೆ ಕಲಿಸಲು ಭಾಷಣ ಬೇಡ, ಒಂದು ಕೋಲು ಸಾಕು. ದಡ ಮುಟ್ಟಿದ ಕೂಡಲೇ ನೀರಿನ ಅಂಚಿಗೆ ಸರಿಯಾಗಿ ಕೋಲು ನೆಡುವುದು, ಅದಕ್ಕೆ ಬೆರಳಿನಷ್ಟು ಅಂತರದಲ್ಲಿ ಗೆರೆ ಎಳೆಯುವುದು, ಹತ್ತು ನಿಮಿಷಕ್ಕೊಮ್ಮೆ ಓದಿ ಚೀಟಿಯಲ್ಲಿ ಬರೆಯುವುದು. ಅಣೆಕಟ್ಟುಗಳಲ್ಲಿ ಎಂಜಿನಿಯರುಗಳು ನೀರಿನ ಮಟ್ಟ ಅಳೆಯುವುದೂ ಮೂಲತಃ ಹೀಗೆಯೇ. ಕಾವಲು ಕಾಯುವ ಹುಡುಗನಿಗೆ ಒಂದು ಸೀಟಿ ಕೊಟ್ಟರೆ ಆಟಕ್ಕೆ ಗತ್ತು ಬರುತ್ತದೆ. ನೀರು ಮೊದಲ ಗೆರೆ ದಾಟಿತೆಂದರೆ ಸೀಟಿ, ಸೀಟಿ ಕೇಳಿದರೆ ದೊಡ್ಡವರೂ ಸೇರಿ ಎಲ್ಲರೂ ಮೇಲಕ್ಕೆ. ದಡದ ಬಂಡೆಗಳನ್ನು ಓದುವುದೂ ಒಂದು ಪಾಠ. ಬಂಡೆಯ ಮೇಲೆ ಒದ್ದೆಯ ಗುರುತು, ಅಂಟಿದ ಪಾಚಿ, ಪೊದೆಯಲ್ಲಿ ಸಿಕ್ಕಿಕೊಂಡ ಕಸಕಡ್ಡಿ ಇವೆಲ್ಲ ಈ ನೀರು ಎಲ್ಲಿಯವರೆಗೆ ಏರಿತ್ತು ಎಂಬುದರ ದಾಖಲೆ. ಆ ಗೆರೆಗಿಂತ ಕೆಳಗೆ ಬುತ್ತಿ ಬಿಚ್ಚಬಾರದು.

ನೀರು ಇನ್ನೊಂದು ಮೋಸವನ್ನೂ ಮಾಡುತ್ತದೆ. ದೊಡ್ಡ ಜಲಾಶಯದಲ್ಲಿ ಬಿಸಿಲು ಕಾಯಿಸುವುದು ಮೇಲಿನ ಪದರವನ್ನು ಮಾತ್ರ. ಆಳದಲ್ಲಿ ನೀರು ತಣ್ಣಗೇ ಉಳಿಯುತ್ತದೆ. ತಳದ ಕಡೆಯಿಂದ ಹೊರಬಂದ ನೀರು ಮೇ ತಿಂಗಳಲ್ಲೂ ಮೈ ನಡುಗಿಸುವುದು ಇದೇ ಕಾರಣಕ್ಕೆ. ಬಿಸಿಲಿನಲ್ಲಿ ಕಾದ ದೇಹ ಥಟ್ಟನೆ ತಣ್ಣೀರಿಗೆ ಬಿದ್ದಾಗ ಉಸಿರು ತಾನಾಗಿಯೇ ಎಳೆದುಕೊಳ್ಳುತ್ತದೆ. ಆ ಗಳಿಗೆಯಲ್ಲಿ ಮುಖ ನೀರಿನ ಒಳಗಿದ್ದರೆ ಶ್ವಾಸಕೋಶಕ್ಕೆ ಹೋಗುವುದು ಗಾಳಿಯಲ್ಲ. ದಡದಲ್ಲಿ ಕುಳಿತು ಮೊದಲು ಕಾಲು, ಆಮೇಲೆ ತೋಳು, ಕತ್ತು ನೆನೆಸಿಕೊಂಡು ಇಳಿಯಬೇಕೆಂಬ ಅಜ್ಜಂದಿರ ಕಟ್ಟಳೆ ಸುಮ್ಮನೆ ಹುಟ್ಟಿದ್ದಲ್ಲ.

ಒಂದು ಭಾನುವಾರ

2024ರ ಏಪ್ರಿಲ್ 21, ಭಾನುವಾರ. ಹುಬ್ಬಳ್ಳಿಯಿಂದ ವಿಹಾರಕ್ಕೆ ಬಂದ ಒಂದು ಕುಟುಂಬ ದಾಂಡೇಲಿ ಸಮೀಪದ ಅಕೋಡಾ ಗ್ರಾಮದ ಬಳಿ ಕಾಳಿಯ ದಡದಲ್ಲಿ ತಂಗಿತ್ತು. ಅಂದು ಆರು ಮಂದಿ ನೀರುಪಾಲಾದರು. ಸತ್ತವರಲ್ಲಿ ಮಕ್ಕಳೂ ಇದ್ದರು. ನೀರಿನಲ್ಲಿ ಸಿಕ್ಕಿಕೊಂಡ ಮಗುವನ್ನು ಎತ್ತಲು ಒಬ್ಬರ ಹಿಂದೆ ಒಬ್ಬರು ಇಳಿದರು ಎಂದು ಆಗಿನ ವರದಿಗಳು ಹೇಳಿದವು.

ಈ ಸರಪಳಿ ಕಾಳಿಯಲ್ಲಿ ಮಾತ್ರ ನಡೆಯುವುದಲ್ಲ. ಕೆರೆ, ಕೃಷಿಹೊಂಡ, ಕಾಲುವೆ, ಕಲ್ಲುಗಣಿಯ ಗುಂಡಿ, ಎಲ್ಲಿ ನೋಡಿದರೂ ಬೇಸಿಗೆಯ ಸುದ್ದಿಗಳಲ್ಲಿ ಎರಡು, ಮೂರು, ನಾಲ್ಕು ಸಾವುಗಳು ಒಟ್ಟಿಗೇ ಬರುವುದು ಏಕೆಂದರೆ ಮೊದಲನೆಯವರನ್ನು ನೀರು ಒಯ್ಯುತ್ತದೆ, ಉಳಿದವರನ್ನು ಮಮತೆ ಒಯ್ಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2024ರ ಡಿಸೆಂಬರಿನಲ್ಲಿ ಪ್ರಕಟಿಸಿದ ವರದಿಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ಅವರಲ್ಲಿ ಹತ್ತಿರ ಹತ್ತಿರ ಕಾಲು ಭಾಗ ಐದು ವರ್ಷದೊಳಗಿನ ಮಕ್ಕಳು.

ಮುಳುಗುವವರು ಕೈ ಎತ್ತಿ ‘ಕಾಪಾಡಿ’ ಎಂದು ಕೂಗುತ್ತಾರೆ ಎಂದು ನಮಗೆ ಕಲಿಸಿದ್ದು ಸಿನಿಮಾ. ನಿಜದಲ್ಲಿ ಹಾಗಾಗುವುದು ಅಪರೂಪ. ಬಾಯಿ ನೀರಿನ ಮೇಲೆ ಬರುವುದೇ ಅರೆಗಳಿಗೆ. ಆ ಹೊತ್ತು ಉಸಿರಿಗೇ ಸಾಲದು, ಕೂಗಿಗೆಲ್ಲಿ? ಕೈಗಳು ಮೇಲೇಳುವ ಬದಲು ನೀರನ್ನು ಕೆಳಕ್ಕೆ ಒತ್ತುತ್ತಿರುತ್ತವೆ. ನೋಡುವವರಿಗೆ ಮಗು ನೆಟ್ಟಗೆ ನಿಂತು ಆಡುತ್ತಿರುವಂತೆಯೇ ಕಾಣುತ್ತದೆ. ಗಲಾಟೆ ಮಾಡುತ್ತಿದ್ದ ಮಗು ಥಟ್ಟನೆ ಸುಮ್ಮನಾಯಿತೆಂದರೆ ಅದೇ ಅಪಾಯದ ಗಂಟೆ. ದಡದ ದೊಡ್ಡವರಲ್ಲಿ ಒಬ್ಬರಾದರೂ ಮೊಬೈಲು ಒಳಗಿಟ್ಟು, ಇಸ್ಪೀಟು ಬದಿಗಿಟ್ಟು, ಬರೀ ನೋಡುವ ಕೆಲಸಕ್ಕೇ ಕೂರಬೇಕು ಎಂಬುದು ಇದರಿಂದಾಗಿ. ಅರ್ಧ ಗಂಟೆಗೊಬ್ಬರಂತೆ ಪಾಳಿ ಹಾಕಿಕೊಂಡರೆ ಯಾರ ರಜೆಯೂ ಕೆಡುವುದಿಲ್ಲ.

ಮುಳುಗುವವರು ಕೈಗೆ ಸಿಕ್ಕಿದ್ದನ್ನು ಅಪ್ಪಿ ಹಿಡಿಯುತ್ತಾರೆ. ಕಾಪಾಡಲು ಹೋದವರ ಕತ್ತನ್ನೇ ಹಿಡಿದರೆ ಇಬ್ಬರೂ ತಳ ಸೇರುತ್ತಾರೆ. ನೀರಿನ ರಕ್ಷಣೆಯಲ್ಲಿ ತರಬೇತಿ ಪಡೆದವರು ಸಾಮಾನ್ಯರಿಗೆ ಹೇಳುವುದು ಇಷ್ಟು: ಮೊದಲು ಸಹಾಯಕ್ಕೆ ಕೂಗಿರಿ, ದಡದಲ್ಲಿ ಮಲಗಿ ಕೋಲನ್ನೋ ಬಟ್ಟೆಯನ್ನೋ ಚಾಚಿರಿ, ಅದು ಮುಟ್ಟದಿದ್ದರೆ ತೇಲುವ ವಸ್ತು ಎಸೆಯಿರಿ, ನೀವು ಮಾತ್ರ ಇಳಿಯಬೇಡಿ. ಒಂದು ಸೀರೆಯ ಉದ್ದ ಐದು ಮೀಟರಿಗೂ ಹೆಚ್ಚು. ಎರಡು ಪಂಚೆ ಗಂಟು ಹಾಕಿದರೆ ಅದೂ ಹಗ್ಗವೇ. ಇದನ್ನು ಮಕ್ಕಳು ಆಟವಾಗಿಯೇ ಕಲಿಯಬಹುದು. ಮನೆಯ ಅಂಗಳದಲ್ಲಿ ಸುಣ್ಣದ ಗೆರೆ ಎಳೆದು ಹೊಳೆ ಮಾಡಿ, ಆಚೆ ನಿಂತ ಗೆಳೆಯನಿಗೆ ಹಗ್ಗ ಕಟ್ಟಿದ ಖಾಲಿ ಕ್ಯಾನು ಎಸೆಯುವ ಪಂದ್ಯ. ಗೆರೆ ದಾಟಿ ಕಾಲಿಟ್ಟವನು ಔಟ್.

ಸೋರೆ ಬುರುಡೆಯ ಲೆಕ್ಕ

ಈಜುಕೊಳಗಳು ಬರುವ ಮುಂಚೆ ನಮ್ಮ ಮಕ್ಕಳು ಈಜು ಕಲಿತದ್ದು ತೋಟದ ಬಾವಿಗಳಲ್ಲಿ, ಊರ ಕೆರೆಗಳಲ್ಲಿ. ಕಲಿಸುವವರು ಸೋದರಮಾವನೋ ದೊಡ್ಡಪ್ಪನ ಮಗನೋ ಆಗಿರುತ್ತಿದ್ದರು. ಸೊಂಟಕ್ಕೆ ಹಗ್ಗ, ಬೆನ್ನಿಗೆ ಒಣಗಿಸಿದ ಸೋರೆ ಬುರುಡೆ ಇಲ್ಲವೇ ಬೆಂಡು. ಮಲೆನಾಡಿನ ಕಡೆ ಬಾಳೆದಿಂಡು. ಆಮೇಲೆ ಲಾರಿಯ ಟೈರಿನ ಟ್ಯೂಬು ಬಂತು. ಹಗ್ಗ ಹಿಡಿದವರು ಮೇಲೆ ನಿಂತು ಸ್ವಲ್ಪ ಸ್ವಲ್ಪವೇ ಸಡಿಲ ಬಿಡುತ್ತಿದ್ದರು. ಬೇಸಿಗೆ ಮುಗಿಯುವಷ್ಟರಲ್ಲಿ ಬುರುಡೆ ಬೆನ್ನಿನಿಂದ ಇಳಿಯುತ್ತಿತ್ತು.

ಬುರುಡೆ ಹೇಗೆ ಕೆಲಸ ಮಾಡುತ್ತದೆ ಎಂಬುದು ಸಣ್ಣ ಲೆಕ್ಕ. ಮನುಷ್ಯನ ದೇಹದ ಸಾಂದ್ರತೆ ನೀರಿನ ಸಾಂದ್ರತೆಗೆ ತೀರ ಹತ್ತಿರ. ಎದೆ ತುಂಬ ಉಸಿರೆಳೆದಾಗ ನೀರಿಗಿಂತ ಸ್ವಲ್ಪ ಕಡಿಮೆ, ಉಸಿರು ಬಿಟ್ಟಾಗ ಸ್ವಲ್ಪ ಹೆಚ್ಚು. ಅಂದರೆ 25 ಕಿಲೋ ತೂಕದ ಹುಡುಗಿ ನೀರಿನೊಳಗೆ ಪೂರ್ತಿ ಮುಳುಗಿದ್ದಾಗ ಅವಳ ತೂಕ ಇಲ್ಲವೆಂಬಷ್ಟು ಕಡಿಮೆ. ಕಷ್ಟ ಬರುವುದು ತಲೆಯನ್ನು ನೀರಿನಿಂದ ಹೊರಗೆ ಎತ್ತಿದಾಗ. ಹೊರಬಂದ ಭಾಗವನ್ನು ನೀರು ಹೊರುವುದಿಲ್ಲ, ಆ ಭಾರವನ್ನು ಬೇರೆ ಯಾವುದಾದರೂ ಹೊರಬೇಕು. ತಲೆಯ ತೂಕ ಮೂರು, ನಾಲ್ಕು ಕಿಲೋ ಎಂದುಕೊಂಡರೆ ಅಷ್ಟೇ ಲೀಟರ್ ಗಾಳಿ ಹಿಡಿಸುವ ಹಗುರವಾದ ಪಾತ್ರೆ ಸಾಕು. ಒಂದು ದೊಡ್ಡ ಸೋರೆ ಬುರುಡೆ ಮಾಡುತ್ತಿದ್ದುದು ಇದನ್ನೇ. ಆರ್ಕಿಮಿಡೀಸ್‌ನ ಹೆಸರು ಕೇಳದ ಸೋದರಮಾವ ತತ್ವವನ್ನು ಹಗ್ಗದಲ್ಲಿ ಕಟ್ಟಿ ಬಾವಿಗಿಳಿಸುತ್ತಿದ್ದ. ಮುಚ್ಚಳ ಬಿಗಿದ ಐದು ಲೀಟರಿನ ಖಾಲಿ ಎಣ್ಣೆ ಕ್ಯಾನು ಹತ್ತಿರ ಹತ್ತಿರ ಐದು ಕಿಲೋ ಹೊರುತ್ತದೆ. ಹೊಳೆಯ ದಡಕ್ಕೆ ಹೋಗುವ ಪ್ರತಿಯೊಂದು ವಾಹನದಲ್ಲೂ ಅಂತಹದೊಂದು ಕ್ಯಾನು, ಹತ್ತು ಮೀಟರ್ ಹಗ್ಗ ಇರಬೇಕಾದ್ದು ಈ ಲೆಕ್ಕದಿಂದಲೇ. ಒಳಗೆ ಕಾಲು ಭಾಗ ನೀರು ಉಳಿಸಿಕೊಂಡರೆ ಎಸೆದಾಗ ದೂರ ಹೋಗುತ್ತದೆ, ತೇಲುವುದೂ ತಪ್ಪುವುದಿಲ್ಲ. ಆದರೆ ದೋಣಿ ಹತ್ತುವವರಿಗೆ ಕ್ಯಾನು ಬದಲಿಯಲ್ಲ. ಅಳತೆಗೆ ಸರಿಯಾದ ಲೈಫ್ ಜಾಕೆಟ್ಟೇ ಬೇಕು. ದೊಡ್ಡವರ ಜಾಕೆಟ್ಟು ತೊಡಿಸಿದ ಮಗು ನೀರಿಗೆ ಬಿದ್ದರೆ ಜಾಕೆಟ್ಟು ತೇಲುತ್ತದೆ, ಮಗು ಅದರಿಂದ ಜಾರಿ ಕೆಳಗೆ ಹೋಗುತ್ತದೆ.

ಬಾಳೆದಿಂಡಿನ ಗುಟ್ಟನ್ನು ಅಡ್ಡಕ್ಕೆ ಕೊಯ್ದು ನೋಡಿದರೆ ತಿಳಿಯುತ್ತದೆ. ಪದರ ಪದರದಲ್ಲೂ ಜೇನುಗೂಡಿನಂತೆ ಗಾಳಿಯ ಕೋಣೆಗಳು. ನಾಲ್ಕು ದಿಂಡುಗಳನ್ನು ಸಾಲಾಗಿ ಇಟ್ಟು ಬಿದಿರ ಸೀಳು ಚುಚ್ಚಿದರೆ ತೆಪ್ಪ ಸಿದ್ಧ. ಬಾಳೆಗೊನೆ ಕಡಿದ ಮೇಲೆ ಗೊಬ್ಬರದ ಗುಂಡಿಗೆ ಹೋಗುವ ಕಂಬ ಎದೆಮಟ್ಟದ ಕೆರೆಯಲ್ಲಿ ಮಕ್ಕಳಿಗೆ ಹಡಗಾಗುತ್ತದೆ.

ಕೊಳವೆಬಾವಿಗಳು ಬಂದ ಮೇಲೆ ತೋಟದ ಬಾವಿಗಳು ಎಷ್ಟೋ ಕಡೆ ಬತ್ತಿದವು, ಕೆಲವನ್ನು ಮುಚ್ಚಿದರು. ಅವುಗಳ ಜೊತೆಗೆ ಆ ಪಾಠಶಾಲೆಯೂ ಮುಚ್ಚಿತು. ಈಜುಕೊಳ ಇರುವುದು ಪಟ್ಟಣಗಳಲ್ಲಿ, ಅದೂ ಶುಲ್ಕ ಕೊಡಬಲ್ಲವರಿಗೆ. ಪುತ್ತೂರಿನಲ್ಲಿ ಶಿವರಾಮ ಕಾರಂತರು ಕಟ್ಟಿದ ಬಾಲವನದಲ್ಲಿ ಈಜುಕೊಳವಿದೆ. ಶರಾವತಿಯ ಹಿನ್ನೀರಿನ ಹೊನ್ನೇಮರಡುವಿನಲ್ಲಿ ಮಕ್ಕಳಿಗೆ ಜಾಕೆಟ್ ತೊಡಿಸಿ ಹರಿಗೋಲು, ಪುಟ್ಟ ದೋಣಿ ನಡೆಸುವುದನ್ನು ಕಲಿಸುತ್ತಾರೆ. ಇಂತಹವು ಬೆರಳೆಣಿಕೆ. ಬಾಂಗ್ಲಾದೇಶದವರು ಬೇರೆ ದಾರಿ ಹಿಡಿದರು. ಮನೆಗೊಂದು ಕೊಳವಿರುವ ಆ ದೇಶದಲ್ಲಿ ಮಕ್ಕಳ ಸಾವಿಗೆ ನೀರು ದೊಡ್ಡ ಕಾರಣವಾಗಿತ್ತು. ಈಜುಕೊಳ ಕಟ್ಟಲು ಹಣವಿಲ್ಲ. ಅವರು ಹಳ್ಳಿಯ ಕೊಳದಲ್ಲೇ ಬಿದಿರಿನ ಅಟ್ಟಣೆ ಮುಳುಗಿಸಿ ನಿಲ್ಲಿಸಿದರು. ಅಟ್ಟಣೆಯ ಒಳಗೆ ನೀರು ಎದೆಮಟ್ಟ, ಸುತ್ತ ಬಿದಿರಿನ ಬೇಲಿ. ಊರಿನವರನ್ನೇ ತರಬೇತಿ ಕೊಟ್ಟು ಶಿಕ್ಷಕರನ್ನಾಗಿ ಮಾಡಿದರು. 25 ಮೀಟರ್ ಈಜುವುದು, ನಿಂತಲ್ಲೇ ತೇಲುವುದು, ನೀರಿಗೆ ಇಳಿಯದೆ ಇನ್ನೊಬ್ಬರನ್ನು ಕಾಪಾಡುವುದು ಇವಿಷ್ಟು ಅಲ್ಲಿನ ಪಠ್ಯ. ಬಿದಿರಿಗೆ ಹೆಸರಾದ ದಾಂಡೇಲಿ, ಹಳಿಯಾಳದ ಕಾಡಂಚಿನ ಹಳ್ಳಿಗಳ ಕೆರೆಗಳಲ್ಲಿ ಇದನ್ನು ಮಾಡಲು ಅಡ್ಡಿ ಏನೆಂಬುದು ಪಂಚಾಯಿತಿಗಳೇ ಉತ್ತರಿಸಬೇಕಾದ ಪ್ರಶ್ನೆ.

ಅಂಗಳದ ಪ್ರಯೋಗಶಾಲೆ

ನೀರಿನ ಆಟಕ್ಕೆ ಹೊಳೆಯೇ ಬೇಕೆಂದಿಲ್ಲ. ಒಂದು ಬಕೆಟ್ಟು, ಒಂದು ಅಗಲವಾದ ತಟ್ಟೆ ಇದ್ದರೂ ಮಧ್ಯಾಹ್ನ ಕಳೆಯುತ್ತದೆ. ನೀರಿಗೆ ಕೊರತೆಯಿರುವ ಊರುಗಳಲ್ಲಿ ಆಟ ಮುಗಿದ ಮೇಲೆ ಆ ನೀರನ್ನು ತೆಂಗಿನ ಬುಡಕ್ಕೆ ಹಾಕಿದರಾಯಿತು.

ಪ್ಲಾಸ್ಟಿಕ್ ಬಾಟಲಿಗೆ ಕೆಳಗೆ, ನಡುವೆ, ಮೇಲೆ ಒಂದೇ ಗಾತ್ರದ ಮೂರು ತೂತು ಮಾಡಿ ನೀರು ತುಂಬಿಸುವ ಪ್ರಯೋಗ ಹಳೆಯದು. ಕೆಳಗಿನ ತೂತಿನ ನೀರು ಎಲ್ಲಕ್ಕಿಂತ ದೂರ ಚಿಮ್ಮುತ್ತದೆ ಎಂದು ಪುಸ್ತಕಗಳಲ್ಲಿ ಚಿತ್ರವಿರುತ್ತದೆ. ಬಾಟಲಿಯನ್ನು ನೆಲದ ಮೇಲೇ ಇಟ್ಟು ಮಾಡಿದರೆ ಮಾತ್ರ ಪುಸ್ತಕ ಸೋಲುತ್ತದೆ. ನಡುವಿನ ತೂತಿನ ನೀರೇ ದೂರ ಬೀಳುತ್ತದೆ! ಕೆಳಗಿನ ತೂತಿನಿಂದ ನೀರು ಜೋರಾಗಿ ಹೊರಟರೂ ಹಾರಲು ಎತ್ತರವಿಲ್ಲದೆ ಕೂಡಲೇ ನೆಲ ಮುಟ್ಟುತ್ತದೆ. ಬಾಟಲಿಗಿಂತ ಎತ್ತರದ ಸ್ಟೂಲಿನ ಮೇಲೆ ಇಟ್ಟರೆ ಪುಸ್ತಕದ ಮಾತು ನಿಜವಾಗುತ್ತದೆ. ಮಕ್ಕಳು ಎರಡನ್ನೂ ಮಾಡಿ, ಅಳೆದು, ಏಕೆ ಹೀಗೆ ಎಂದು ಜಗಳವಾಡಲಿ.

ಆ ಜಗಳ ಮುಗಿದ ಮೇಲೆ ಅಂಬಿಕಾನಗರದ ಕಥೆ ಹೇಳಬಹುದು. ನೀರಿನಲ್ಲಿ ಹತ್ತು ಮೀಟರ್ ಆಳಕ್ಕೆ ಹೋದಂತೆಲ್ಲ ಒತ್ತಡ ಒಂದು ವಾಯುಮಂಡಲದಷ್ಟು ಹೆಚ್ಚುತ್ತದೆ. ಬೊಮ್ಮನಹಳ್ಳಿ ಜಲಾಶಯ ಇರುವುದು ಘಟ್ಟದ ಮೇಲೆ. ನಾಗಝರಿ ವಿದ್ಯುದಾಗಾರ ಇರುವುದು ಕೆಳಗಿನ ಕಣಿವೆಯಲ್ಲಿ. ನಡುವಿನ ಇಳಿಜಾರು ಮುನ್ನೂರು ಮೀಟರಿಗೂ ಮಿಕ್ಕಿದ್ದು. ಕೊಳವೆಯಲ್ಲಿ ಇಳಿದ ನೀರು ಯಂತ್ರ ತಲುಪುವಾಗ ಅದರ ಒತ್ತಡ ವಾಯುಮಂಡಲದ ಮೂವತ್ತು ಪಟ್ಟಿಗೂ ಹೆಚ್ಚು. ಅಲ್ಲಿನ ಆರು ಯಂತ್ರಗಳನ್ನು ತಿರುಗಿಸುವುದು ಬಾಟಲಿಯ ಕೆಳಗಿನ ತೂತಿನ ಶಕ್ತಿಯೇ. ಅಣೆಕಟ್ಟುಗಳ ಬುಡ ಏಕೆ ದಪ್ಪ, ತುದಿ ಏಕೆ ತೆಳು ಎಂಬುದಕ್ಕೂ ಅದೇ ಬಾಟಲಿ ಉತ್ತರ.

ದೇವರ ಮನೆಯಿಂದ ಸಣ್ಣ ಚೂರು ಕರ್ಪೂರ ತಂದರೆ ಇನ್ನೊಂದು ಆಟ. ಉಗುರಿನಷ್ಟು ದಪ್ಪ ಕಾಗದವನ್ನು ದೋಣಿಯ ಆಕಾರಕ್ಕೆ ಕತ್ತರಿಸಿ, ಹಿಂಬದಿಯ ಕಚ್ಚಿನಲ್ಲಿ ಕರ್ಪೂರ ನೀರಿಗೆ ತಾಗುವಂತೆ ಸಿಕ್ಕಿಸಿ ಶುದ್ಧ ನೀರಿನ ತಟ್ಟೆಯಲ್ಲಿ ಬಿಡಬೇಕು. ಯಾರೂ ತಳ್ಳದೆ ದೋಣಿ ಓಡುತ್ತದೆ. ನೀರಿನ ಮೇಲ್ಮೈ ಎಳೆದು ಕಟ್ಟಿದ ಬಟ್ಟೆಯಂತೆ ಎಲ್ಲ ಕಡೆಗೂ ಬಿಗಿಯಾಗಿರುತ್ತದೆ. ಕರ್ಪೂರ ಕರಗಿದ ಕಡೆ ಬಿಗಿ ಕಡಿಮೆ. ಮುಂದಿನ ಬಿಗಿ ದೋಣಿಯನ್ನು ತನ್ನತ್ತ ಎಳೆಯುತ್ತದೆ. ತಟ್ಟೆಗೆ ಒಂದು ತೊಟ್ಟು ಸಾಬೂನಿನ ನೀರು ಹಾಕಿದರೆ ಆಟ ಮುಗಿಯಿತು, ಎಲ್ಲೆಡೆಯೂ ಬಿಗಿ ಒಂದೇ ಮಟ್ಟಕ್ಕೆ ಇಳಿಯುತ್ತದೆ. ಹಳ್ಳದ ಮಡುಗಳಲ್ಲಿ ಉದ್ದ ಕಾಲಿನ ಕೀಟಗಳು ನೀರಿನ ಮೇಲೆ ಜಾರುತ್ತಾ ಓಡುವುದು ಇದೇ ಬಿಗಿಯ ಮೇಲೆ ನಿಂತು. ಅಲ್ಲಿ ಬಟ್ಟೆ ಒಗೆದು ಸಾಬೂನು ಬಿಟ್ಟರೆ ಆ ಕೀಟಗಳಿಗೆ ಏನಾಗಬಹುದೆಂದು ಯೋಚಿಸುವ ಕೆಲಸ ಮಕ್ಕಳಿಗೇ ಬಿಡಬಹುದು.

ಚಪ್ಪಟೆ ಕಲ್ಲನ್ನು ನೀರಿನ ಮೇಲೆ ಓರೆಯಾಗಿ ಎಸೆದು ಎಷ್ಟು ಸಲ ಕುಪ್ಪಳಿಸಿತೆಂದು ಎಣಿಸುವ ಆಟ ಲೋಕದ ಎಲ್ಲ ಹೊಳೆಗಳ ದಡದಲ್ಲೂ ಇದೆ. ಇದನ್ನೂ ವಿಜ್ಞಾನಿಗಳು ಬಿಟ್ಟಿಲ್ಲ. ಫ್ರಾನ್ಸಿನ ಸಂಶೋಧಕರು ಯಂತ್ರದಿಂದ ಬಿಲ್ಲೆಗಳನ್ನು ಎಸೆದು ಪರೀಕ್ಷಿಸಿ 2004ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಕಲ್ಲು ನೀರಿಗೆ ತಾಗುವಾಗ ಸುಮಾರು 20 ಡಿಗ್ರಿ ಓರೆಯಿದ್ದರೆ ಕುಪ್ಪಳಿಸುವುದು ಎಲ್ಲಕ್ಕಿಂತ ಸುಲಭ. ಕಲ್ಲಿಗೆ ತಿರುಗಣೆ ಕೊಡುವ ಬೆರಳಿನ ಚಳಕ ಅದು ಮಗುಚದಂತೆ ಕಾಯುತ್ತದೆ. ಬುಗುರಿ ಬೀಳದೆ ನಿಲ್ಲುವುದೂ ಹೀಗೆಯೇ. ನೀರಿಗಿಳಿಯದೆ ಹೊಳೆಯೊಂದಿಗೆ ಆಡುವ ಆಟಗಳಲ್ಲಿ ಇದಕ್ಕೆ ಸಾಟಿಯಿಲ್ಲ, ಎದುರು ದಡದಲ್ಲಿ ಯಾರೂ ಇರಬಾರದಷ್ಟೆ.

ಒಂದು ಗೆಣ್ಣಿನ ಬಿದಿರು, ತುದಿಗೆ ಬಟ್ಟೆ ಸುತ್ತಿದ ಕೋಲು ಇದ್ದರೆ ಪಿಚಕಾರಿ. ಗೆಣ್ಣಿನ ಕಡೆ ಮೊಳೆ ಬಿಸಿ ಮಾಡಿ ಸಣ್ಣ ತೂತು ಕೊರೆಯಬೇಕು, ಅಷ್ಟು ಕೆಲಸ ದೊಡ್ಡವರದು. ಹೋಳಿ ಮುಗಿದರೂ ಇದರ ಉಪಯೋಗ ಮುಗಿಯುವುದಿಲ್ಲ.

ನೊರೆಯ ಭಾಷೆ

ಗಣೇಶಗುಡಿಯ ರ‍್ಯಾಫ್ಟಿಂಗ್ ದೊಡ್ಡ ಮಕ್ಕಳಿಗೆ ಮತ್ತು ದೊಡ್ಡವರಿಗೆ. ರಭಸದ ತಿರುವುಗಳಲ್ಲಿ ಪುಟ್ಟ ಮಕ್ಕಳನ್ನು ಕೂರಿಸುವುದಿಲ್ಲ, ಕೂರಿಸುತ್ತೇವೆ ಎನ್ನುವವರ ಬಳಿ ಹೋಗಬಾರದು. 2022ರ ಏಪ್ರಿಲ್‌ನಲ್ಲಿ ಹೆಚ್ಚು ಜನರನ್ನು ತುಂಬಿಕೊಂಡ ತೆಪ್ಪವೊಂದು ಅಪಾಯಕ್ಕೆ ಸಿಕ್ಕಿ, ಜನ ಕೂದಲೆಳೆಯಲ್ಲಿ ಪಾರಾದ ದೃಶ್ಯ ರಾಜ್ಯವೆಲ್ಲ ಹರಡಿತು. ಜಿಲ್ಲಾಡಳಿತ ಕೆಲಕಾಲ ಜಲಕ್ರೀಡೆಗಳನ್ನೇ ನಿಲ್ಲಿಸಿತ್ತು. ಪರವಾನಗಿ ಕೇಳುವುದು, ತಲೆ ಎಣಿಸುವುದು, ಜಾಕೆಟ್ಟಿನ ಗುಂಡಿ ಎಳೆದು ನೋಡುವುದು ಇವು ಸಂಕೋಚಪಡುವ ಕೆಲಸಗಳಲ್ಲ.

ಸಣ್ಣವರು ದಡದಿಂದಲೇ ಹೊಳೆ ಓದಬಹುದು. ನೀರಿನ ಮೇಲೆ ಬಾಣದ ತುದಿಯಂತಹ ಆಕಾರಗಳು ಕಾಣುತ್ತವೆ. ತುದಿ ಹರಿವಿನ ದಿಕ್ಕಿಗೆ ಚಾಚಿದ್ದರೆ ಎರಡು ಬಂಡೆಗಳ ನಡುವೆ ದಾರಿಯಿದೆ ಎಂದರ್ಥ. ತುದಿ ಹರಿವಿಗೆ ಎದುರಾಗಿದ್ದರೆ ಅಲ್ಲೇ ಕೆಳಗೊಂದು ಬಂಡೆ ಅಡಗಿದೆ. ದೊಡ್ಡ ಬಂಡೆಯ ಹಿಂದೆ ನೀರು ಹಿಂದಕ್ಕೆ ಸುತ್ತುತ್ತದೆ. ಒಂದು ಒಣ ಎಲೆ ತೇಲಿಬಿಟ್ಟು ಅದರ ಪಯಣ ನೋಡಿದರೆ ತೆಪ್ಪ ನಡೆಸುವವರು ಏಕೆ ಹಾಗೆ ಹುಟ್ಟು ಹಾಕುತ್ತಾರೆಂದು ಹೊಳೆಯುತ್ತದೆ. ತೆಪ್ಪದಿಂದ ಬಿದ್ದವರಿಗೆ ಮೊದಲು ಹೇಳಿಕೊಡುವುದು ಬೆನ್ನ ಮೇಲೆ ಮಲಗಿ, ಪಾದಗಳನ್ನು ಹರಿವಿನ ಕಡೆಗೆ ಎತ್ತಿ ತೇಲುವುದನ್ನು. ರಭಸದಲ್ಲಿ ನಿಲ್ಲಲು ಹೋದರೆ ಕಾಲು ಕಲ್ಲುಗಳ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ.

ಹರಿಗೋಲು ಪುಟ್ಟವರಿಗೆ ಹೆಚ್ಚು ಹಿಡಿಸುವ ಸವಾರಿ. ಬಿದಿರಿನ ದೊಡ್ಡ ಬುಟ್ಟಿಗೆ ಹಿಂದೆ ಚರ್ಮ ಹೊದಿಸುತ್ತಿದ್ದರು, ಈಗ ಟಾರು ಬಳಿದ ಪ್ಲಾಸ್ಟಿಕ್ ಹಾಳೆ. ದುಂಡಗಿರುವುದರಿಂದ ಮುಂದು, ಹಿಂದು ಎಂಬುದಿಲ್ಲ. ಹುಟ್ಟನ್ನು ಸ್ವಲ್ಪ ಬದಿಗೆ ಎಳೆದರೂ ಗಿರಗಿರನೆ ಸುತ್ತುತ್ತದೆ. ಇದರಲ್ಲಿ ಕೂರುವಾಗಲೂ ಜಾಕೆಟ್ಟು ಬೇಕು.

ಒಂದು ಮಾತು ಮೊಸಳೆಗಳ ಬಗ್ಗೆ. ದಾಂಡೇಲಿಯ ಸುತ್ತಮುತ್ತ ಕಾಳಿಯಲ್ಲಿ ಮಗ್ಗರ್ ಜಾತಿಯ ಮೊಸಳೆಗಳಿವೆ. 2021ರ ಅಕ್ಟೋಬರಿನಲ್ಲಿ ದಾಂಡೇಲಿಯಲ್ಲಿ ಮೀನು ಹಿಡಿಯಲು ದಡದಲ್ಲಿ ಕೂತಿದ್ದ ಹದಿಹರೆಯದ ಹುಡುಗನೊಬ್ಬನನ್ನು ಮೊಸಳೆ ಎಳೆದೊಯ್ದಿತು. ಮಗ್ಗರ್‌ಗಳು ಸಾಮಾನ್ಯವಾಗಿ ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ದಡದ ಮಣ್ಣಿನಲ್ಲಿ ಗುಂಡಿ ತೋಡಿ ಮೊಟ್ಟೆ ಇಡುತ್ತವೆ. ಮರಿ ಹೊರಬರಲು ಎರಡು ತಿಂಗಳ ಆಸುಪಾಸು ಬೇಕು, ಅಷ್ಟು ದಿನವೂ ತಾಯಿ ಹತ್ತಿರದಲ್ಲೇ ಕಾವಲಿರುತ್ತದೆ. ಅಂದರೆ ನಮ್ಮ ಮಕ್ಕಳ ಬೇಸಿಗೆ ರಜೆಯೂ ಅದರ ಬಾಣಂತನವೂ ಒಂದೇ ಕಾಲಕ್ಕೆ ಬೀಳುತ್ತವೆ. ಎಚ್ಚರಿಕೆಯ ಫಲಕವಿರುವಲ್ಲಿ ಪಾದ ತೊಳೆಯಲೂ ಇಳಿಯಬಾರದು. ಉಳಿದ ಮಾಂಸ, ಮೀನಿನ ತ್ಯಾಜ್ಯ ಹೊಳೆಗೆ ಸುರಿದರೆ ಮೊಸಳೆಗೆ ದಡದ ದಾರಿ ತೋರಿಸಿದಂತೆ. ದೂರದ ಸುರಕ್ಷಿತ ಎತ್ತರದಿಂದ ದುರ್ಬೀನು ಹಿಡಿದರೆ ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆ, ಅದೃಷ್ಟವಿದ್ದರೆ ನೀರುನಾಯಿಗಳ ಹಿಂಡು, ತಲೆಯ ಮೇಲೆ ರೆಕ್ಕೆಯ ಸದ್ದು ಮಾಡುತ್ತ ಹಾರುವ ಮಂಗಟ್ಟೆ ಹಕ್ಕಿ ಕಾಣುತ್ತವೆ. 2015ರಲ್ಲಿ ಇಲ್ಲಿನ ಹುಲಿ ಅಭಯಾರಣ್ಯಕ್ಕೆ ಕಾಳಿಯ ಹೆಸರನ್ನೇ ಇಟ್ಟರು.

ಜೂನ್ ಮೊದಲ ವಾರಗಳಲ್ಲಿ ಘಟ್ಟದ ಮೇಲೆ ಮಳೆ ಕೂರುತ್ತದೆ. ರಬ್ಬರ್ ತೆಪ್ಪಗಳ ಗಾಳಿ ಇಳಿಸಿ ಮಡಚಿಡುತ್ತಾರೆ. ಶಾಲೆಯ ಗಂಟೆ ಬಾರಿಸುತ್ತದೆ. ಗದ್ದೆಯ ತೂಬುಗಳಲ್ಲಿ ಮೀನು ಹತ್ತುವ ಕಾಲವೆಂದು ಹಳ್ಳಿಯ ಹುಡುಗರು ಬಿದಿರಿನ ಕೂಣಿ ಹುಡುಕುತ್ತಾರೆ. ಡಿಗ್ಗಿಯ ಕಡೆಯಿಂದ ಕೆಂಪು ನೀರು ಇಳಿದು ಬಂದು, ಬೇಸಿಗೆಯಿಡೀ ತಗ್ಗಿದ್ದ ಸೂಪಾ ಜಲಾಶಯದ ಅಂಚಿನ ಒಣ ಮಣ್ಣನ್ನು ಒಂದೊಂದೇ ಅಡಿ ಮುಚ್ಚತೊಡಗುತ್ತದೆ.